ಹಚ್ಚೆ ಹೊತ್ತು ಬಂದ ಯಾತ್ರಿಕರು

ಹಚ್ಚೆ ಎಂಬ ಮಾತಿನೊಳಗೆ ಹಸಿರು ಬಣ್ಣ ಅಡಗಿದೆ. ಹಳಗನ್ನಡದ 'ಪ'ಕಾರ ಹೊಸಗನ್ನಡಕ್ಕೆ ಬರುವಾಗ 'ಹ'ಕಾರವಾಯಿತೆಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಗೆಯೇ ಪಚ್ಚೆ ಹಚ್ಚೆಯಾಯಿತು. 'ಹಚ್ಚಹಸಿರು' ಎನ್ನುವಾಗ ಆ ಹಳೆಯ ಹಸಿರು ಇಂದಿಗೂ ನಮ್ಮ ಬಾಯಲ್ಲಿದೆ. ನಮ್ಮ ನೆರೆಯ ಮಲಯಾಳಿಗರು ಮಾತ್ರ 'ಪ'ಕಾರವನ್ನು ಬಿಟ್ಟುಕೊಟ್ಟವರಲ್ಲ. ಅವರಿಗೆ ಪಾಲು ಪಾಲೇ. ಹಚ್ಚೆ ಚುಚ್ಚುವುದು 'ಪಚ್ಚ ಕುತ್ತುಗ'. ತಮಿಳರು 'ಪಚ್ಚೈ ಕುತ್ತುದಲ್' ಎನ್ನುತ್ತಾರೆ, ತೆಲುಗರು 'ಪಚ್ಚಬೊಟ್ಟು' ಎನ್ನುತ್ತಾರೆ. ತುಳುವಿನಲ್ಲೂ ಪಚ್ಚೆಯೆಂದರೆ ಹಸಿರೇ. ಕರಿ ಮಸಿಯನ್ನು ಚರ್ಮದ ಕೆಳಗೆ ಇಳಿಸಿದರೆ ಗಾಯ ಮಾಗಿದ ಮೇಲೆ ಅದು ಹಸಿರುಗಟ್ಟಿ ಕಾಣುತ್ತದೆ. ಭಾಷೆಗಳು ಬೇರೆಯಾದರೂ ಅದನ್ನು ನೋಡಿದ ಕಣ್ಣು ಒಂದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಗ್ಲಿಷಿನ 'ಟ್ಯಾಟೂ' ಎಂಬ ಮಾತಿನ ಕತೆ ಬೇರೆ. ಅದು ಹಡಗು ಹತ್ತಿ ಬಂದ ಮಾತು. 1769ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ 'ಎಂಡೆವರ್' ಹಡಗು ಶಾಂತಸಾಗರದ ತಾಹಿತಿ ದ್ವೀಪದಲ್ಲಿ ಲಂಗರು ಹಾಕಿದಾಗ ಅಲ್ಲಿನ ಜನ ಮೈಮೇಲೆ ಚುಚ್ಚಿಸಿಕೊಂಡ ಚಿತ್ರಗಳನ್ನು 'ತತಾವ್' ಎಂದು ಕರೆಯುತ್ತಿದ್ದರು. ಕುಕ್ ಮತ್ತು ಅವನ ಜತೆಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಈ ಶಬ್ದವನ್ನು ತಮ್ಮ ದಿನಚರಿಗಳಲ್ಲಿ ಬರೆದಿಟ್ಟರು. ಹಡಗಿನ ಚಿತ್ರಕಾರ ಸಿಡ್ನಿ ಪಾರ್ಕಿನ್‌ಸನ್ ಮತ್ತು ಇನ್ನು ಕೆಲವರು ತಮ್ಮ ತೋಳುಗಳನ್ನೇ ಒಡ್ಡಿ ಗುರುತು ಹಾಕಿಸಿಕೊಂಡರು. ಪಾರ್ಕಿನ್‌ಸನ್ ಊರು ಸೇರಲಿಲ್ಲ, 1771ರಲ್ಲಿ ಹಿಂದಿರುಗುವ ದಾರಿಯಲ್ಲೇ ತೀರಿಕೊಂಡ. ಶಬ್ದ ಮಾತ್ರ ಲಂಡನ್ ತಲುಪಿ ಅಲ್ಲಿಂದ ಜಗತ್ತಿನ ತುಂಬ ಹರಡಿತು.

ಊರು ಬಿಟ್ಟು ಹೋದವನು ಹೋದ ಕಡೆ ಹಚ್ಚೆ ಹಾಕಿಸಿಕೊಂಡು ಬರುವುದು ಈಗಿನ ತರುಣರ ಹೊಸ ಖಯಾಲಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಗೋವೆಗೆ ಹೋದವನು ತೋಳಿನಲ್ಲಿ ಲಂಗರು ಚುಚ್ಚಿಸಿಕೊಂಡು ಬಂದರೆ ಮನೆಯಲ್ಲಿ ನಾಲ್ಕು ದಿನ ಮಾತಿಲ್ಲ. ಆದರೆ ಇದಕ್ಕೆ ಬಹಳ ಹಳೆಯ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ರಾಜರಿದ್ದಾರೆ, ಕಾಲುನಡಿಗೆಯ ಬಡ ಯಾತ್ರಿಕರಿದ್ದಾರೆ, ಗುರುತಿಗಾಗಿ ಚಿತ್ರಹಿಂಸೆ ಪಟ್ಟವರೂ ಇದ್ದಾರೆ. ಗಡಿಯಲ್ಲಿ ಬದುಕುವ ನಮಗೆ ಅದರಲ್ಲಿ ಆಲೋಚಿಸಬೇಕಾದ ಸಂಗತಿಯೂ ಇದೆ.

ಬದನೆ ಹೂವಿನ ಹಚ್ಚೆ

ಮೊದಲು ಬೋರ್ನಿಯೋ ದ್ವೀಪಕ್ಕೆ ಹೋಗೋಣ. ಈಗ ಮಲೇಷ್ಯಾಕ್ಕೆ ಸೇರಿದ ಸರವಾಕ್‌ನಲ್ಲಿ ಇಬಾನ್ ಎಂಬ ಜನಾಂಗವಿದೆ. ನದಿಯ ದಡದಲ್ಲಿ ಒಂದೇ ಉದ್ದನೆಯ ಸೂರಿನಡಿ ಹತ್ತಾರು ಕುಟುಂಬಗಳು ವಾಸಿಸುವುದು ಇವರ ಪದ್ಧತಿ. ಪ್ರಾಯಕ್ಕೆ ಬಂದ ಇಬಾನ್ ಹುಡುಗ ಊರಲ್ಲೇ ಕುಳಿತಿರಬಾರದು. ಅವನು 'ಬೆಜಲಾಯ್' ಹೋಗಬೇಕು. ನಡೆಯುವುದು, ಪಯಣಿಸುವುದು ಎಂದು ಆ ಮಾತಿನ ಅರ್ಥ. ಕಾಡಿನ ಹುಟ್ಟುವಳಿ ಸಂಗ್ರಹಿಸಲು, ಬೇರೆ ನದಿಗಳ ಕಡೆ ಕೂಲಿ ದುಡಿಯಲು, ಇತ್ತೀಚಿನ ಕಾಲದಲ್ಲಿ ಮರದ ಕಂಪೆನಿ ಮತ್ತು ಎಣ್ಣೆಬಾವಿಗಳ ಕೆಲಸಕ್ಕೆ, ಹೀಗೆ ಹೋದವನು ಕೆಲವೊಮ್ಮೆ ವರ್ಷಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಬರುವಾಗ ಹಳೆಯ ದೊಡ್ಡ ಭರಣಿಗಳು, ಕಂಚಿನ ಜಾಗಟೆಗಳು, ಜತೆಗೆ ಮೈಮೇಲೆ ಹಚ್ಚೆಗಳು.

ಇಬಾನರ ಮೊದಲ ಹಚ್ಚೆ 'ಬುಂಗಾಯ್ ತೆರುಂಗ್', ಅಂದರೆ ಬದನೆಯ ಹೂವು. ಹೊರಡುವ ಹುಡುಗನ ಎರಡೂ ಭುಜಗಳ ಮುಂಭಾಗದಲ್ಲಿ, ಬುಟ್ಟಿಯ ಪಟ್ಟಿ ಬೀಳುವ ಕಡೆ, ಅದನ್ನು ಹಾಕುತ್ತಾರೆ. ಇನ್ನು ಹೊರೆ ಹೊರಲು ಇವನು ತಯಾರು ಎಂದು ಅದರ ಅರ್ಥ. ಹೂವಿನ ನಡುವೆ ಒಂದು ಸುರುಳಿಯಿರುತ್ತದೆ. ಕಪ್ಪೆಮರಿಯ ಹೊಟ್ಟೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಕಾಣುವ ಸುರುಳಿಯಂತೆ ಅದು. ಜೀವದ ಹಗ್ಗವೆಂದು ಅದಕ್ಕೆ ಹೆಸರು. ಕಪ್ಪೆಮರಿ ಕಪ್ಪೆಯಾಗುವಂತೆ ಹುಡುಗ ಗಂಡಸಾಗುತ್ತಾನೆ. ಅಲ್ಲಿಂದ ಮುಂದಿನ ಹಚ್ಚೆಗಳೆಲ್ಲ ದಾರಿಯಲ್ಲಿ ಸೇರಿದವು. ಬೇರೆ ಬುಡಕಟ್ಟಿನವರ ಊರಿನಲ್ಲಿ ಉಳಿದರೆ ಅಲ್ಲಿನ ಚಿತ್ರ ತೋಳಿಗೆ, ಇನ್ನೊಂದು ನದಿ ದಾಟಿದರೆ ಇನ್ನೊಂದು ಚಿತ್ರ ಬೆನ್ನಿಗೆ. ದೀಪದ ಮಸಿಗೆ ಕಬ್ಬಿನ ಹಾಲು ಬೆರೆಸಿ, ಸೂಜಿ ಕಟ್ಟಿದ ಕೋಲನ್ನು ಇನ್ನೊಂದು ಕೋಲಿನಿಂದ ಮೆಲ್ಲಗೆ ತಟ್ಟಿ ಚುಚ್ಚುವುದು ಅವರ ಕ್ರಮ. ಸರವಾಕ್‌ನಲ್ಲಿ ಅಧಿಕಾರಿಯಾಗಿದ್ದ ಚಾರ್ಲ್ಸ್ ಹೋಸ್ ಈ ದ್ವೀಪದ ಹಚ್ಚೆಗಳ ಬಗ್ಗೆ 20ನೇ ಶತಮಾನದ ಆರಂಭದಲ್ಲೇ ವಿವರವಾಗಿ ಬರೆದ. ಇಬಾನರ ಎಷ್ಟೋ ಚಿತ್ರಗಳು ನೆರೆಯ ಕಯಾನ್ ಜನರಿಂದ ಬಂದವು ಎಂಬುದನ್ನೂ ಗುರುತಿಸಿದ.

ಊರಿಗೆ ಬಂದವನ ಮೈಯನ್ನು ಹಿರಿಯರು ಓದುತ್ತಿದ್ದರು. ಎಲ್ಲಿಗೆ ಹೋಗಿದ್ದ, ಯಾರ ಜತೆ ಉಂಡ, ಎಷ್ಟು ದೂರ ನಡೆದ ಎಂಬುದೆಲ್ಲ ಅದರಲ್ಲಿತ್ತು. ನಮ್ಮೂರಿನ ಹುಡುಗರು ಒಂದು ಕಾಲದಲ್ಲಿ ಬೊಂಬಾಯಿಯ ಹೊಟೇಲುಗಳಿಗೂ ಅನಂತರ ಗಲ್ಫಿಗೂ ಹೋದದ್ದು ಬೆಜಲಾಯ್ ಅಲ್ಲದೆ ಮತ್ತೇನು? ಬರುವಾಗ ಟೇಪ್ ರೆಕಾರ್ಡರು, ಅತ್ತರು, ಕಂಬಳಿ ತಂದರು. ಅದನ್ನು ನೋಡಿಯೇ ಊರವರು ಅವನ ಸಂಪಾದನೆಯನ್ನು ಅಳೆದರು. ಆದರೆ ಟೇಪ್ ರೆಕಾರ್ಡರು ಕೆಡುತ್ತದೆ, ಅತ್ತರು ಮುಗಿಯುತ್ತದೆ. ಇಬಾನನು ಕಳೆದುಹೋಗದಂಥ ಜಾಗದಲ್ಲಿ ತನ್ನ ಪ್ರಯಾಣವನ್ನು ಬರೆಸಿಟ್ಟಿದ್ದ.

ಜೆರುಸಲೇಮಿನ ಮರದ ಅಚ್ಚುಗಳು

ಇನ್ನೊಂದು ಕತೆ ಜೆರುಸಲೇಮಿನದು. ಕಾಶಿಗೆ ಹೋದ ನಮ್ಮ ಹಿರಿಯರು ಬಾಯಿ ಮುಚ್ಚಿ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತಂದರು. ಹಜ್ಜಿಗೆ ಹೋದ ನೆರೆಮನೆಯ ಬ್ಯಾರಿಗಳು, ಮಾಪಿಳ್ಳೆಗಳು ಜಂಜಂ ನೀರು ತಂದರು, ಹೆಸರಿನ ಕೊನೆಗೆ 'ಹಾಜಿ' ಸೇರಿಸಿಕೊಂಡರು. ಜೆರುಸಲೇಮಿಗೆ ಹೋಗಿಬಂದ ಗ್ರೀಕ್ ಕ್ರೈಸ್ತರು ಕೂಡ ಇದೇ ಮಾತನ್ನು ಸ್ವಲ್ಪ ತಿರುಚಿ 'ಹಾಟ್ಸಿ' ಎಂದು ತಮ್ಮ ಹೆಸರಿನ ಮೊದಲಿಗೆ ಇಟ್ಟುಕೊಳ್ಳುತ್ತಿದ್ದರೆಂಬುದು ಕುತೂಹಲದ ಸಂಗತಿ. ಆ ಕಡೆಯ ಕ್ರೈಸ್ತ ಯಾತ್ರಿಕರು ಹೆಸರಿನ ಜತೆಗೆ ಇನ್ನೊಂದನ್ನೂ ತಂದರು: ತೋಳಿನ ಮೇಲೆ ಶಿಲುಬೆ, ಅದರ ಕೆಳಗೆ ಯಾತ್ರೆಯ ಇಸವಿ.

ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಮೈಮೇಲೆ ಗುರುತು ಚುಚ್ಚಿಸಿಕೊಳ್ಳಬಾರದೆಂಬ ವಿಧಿಯಿದೆ. ಆದರೂ ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರು ಬಹಳ ಹಿಂದಿನಿಂದ ಬಲಗೈಯ ಮಣಿಕಟ್ಟಿನ ಒಳಭಾಗದಲ್ಲಿ ಸಣ್ಣ ಶಿಲುಬೆಯನ್ನು ಹಾಕಿಸಿಕೊಳ್ಳುತ್ತ ಬಂದಿದ್ದಾರೆ. ಅಲ್ಪಸಂಖ್ಯಾತರಾಗಿ ಬದುಕುವ ಅವರಿಗೆ ಅದು ತಾನು ಯಾರೆಂಬುದರ ಗುರುತು. ಇಗರ್ಜಿಯ ಬಾಗಿಲಲ್ಲಿ ಕಾವಲಿರುವವನಿಗೆ ಮಣಿಕಟ್ಟು ತೋರಿಸಿ ಒಳಗೆ ಹೋಗುವುದು ಈಗಲೂ ಉಂಟು. ಈ ಜನರಲ್ಲೇ ರಜ್ಜೂಕ್ ಎಂಬ ಮನೆತನದವರು ಈಜಿಪ್ಟಿನಿಂದ ಜೆರುಸಲೇಮಿಗೆ ಬಂದು ನೆಲೆಸಿ ತಲೆಮಾರುಗಳಿಂದ ಯಾತ್ರಿಕರಿಗೆ ಹಚ್ಚೆ ಹಾಕುತ್ತಿದ್ದಾರೆ. ತಮ್ಮ ಕಸುಬಿಗೆ 700 ವರ್ಷವಾಯಿತೆಂಬುದು ಅವರ ಮನೆಮಾತು. ಹಳೆಯ ಪಟ್ಟಣದ ಜಾಫಾ ಬಾಗಿಲ ಹತ್ತಿರ ಅವರ ಅಂಗಡಿಯಿದೆ.

ಕೆಲಸದ ಕ್ರಮವನ್ನು ಹಳೆಯ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಅಲೆಪ್ಪೋದ ಇಂಗ್ಲಿಷ್ ವರ್ತಕರ ಪಾದ್ರಿಯಾಗಿದ್ದ ಹೆನ್ರಿ ಮಾಂಡ್ರೆಲ್ 1697ರ ಈಸ್ಟರಿಗೆ ಜೆರುಸಲೇಮಿಗೆ ಹೋಗಿದ್ದ. ಅವನು ಕಂಡಂತೆ, ಹಚ್ಚೆ ಹಾಕುವವರ ಬಳಿ ಮರದಲ್ಲಿ ಕೊರೆದ ಅಚ್ಚುಗಳಿದ್ದವು. ಯಾತ್ರಿಕ ತನಗೆ ಬೇಕಾದುದನ್ನು ಆರಿಸಬೇಕು. ಅಚ್ಚಿಗೆ ಇದ್ದಿಲ ಪುಡಿ ಬಳಿದು ತೋಳಿನ ಮೇಲೆ ಒತ್ತುತ್ತಾರೆ. ಒಟ್ಟಿಗೆ ಕಟ್ಟಿದ ಎರಡು ಸೂಜಿಗಳನ್ನು ಕೋವಿಮದ್ದು ಮತ್ತು ಎತ್ತಿನ ಪಿತ್ತ ಬೆರೆಸಿದ ಮಸಿಯಲ್ಲಿ ಅದ್ದಿ ಗೆರೆಯ ಉದ್ದಕ್ಕೂ ಚುಚ್ಚುತ್ತಾರೆ. ಕೊನೆಗೆ ದ್ರಾಕ್ಷಾರಸದಿಂದ ತೊಳೆಯುತ್ತಾರೆ. ಅವನಿಗಿಂತ ಮೊದಲೇ, 1658ರಲ್ಲಿ, ಫ್ರಾನ್ಸಿನ ಜಾನ್ ದ ತೆವನೋ ಬೆತ್ಲೆಹೇಮಿನಲ್ಲಿ ಹಚ್ಚೆ ಹಾಕಿಸಿಕೊಂಡಿದ್ದ. ನೋವು ಬಹಳ, ಜ್ವರ ಬರುವುದುಂಟು, ತೋಳು ಬಾತುಕೊಳ್ಳುವುದುಂಟು ಎಂದು ಅವನ ಅನುಭವ. ಈ ತೆವನೋ ನಮ್ಮ ದೇಶಕ್ಕೂ ಬಂದವನೇ. 1666ರಲ್ಲಿ ಸೂರತ್ತಿನಲ್ಲಿ ಇಳಿದು ಗೋಲ್ಕೊಂಡದವರೆಗೆ ಸಂಚರಿಸಿದ. ಬೆತ್ಲೆಹೇಮಿನ ಹಚ್ಚೆ ಹೊತ್ತ ತೋಳೊಂದು ದಖ್ಖಣದ ದಾರಿಯಲ್ಲಿ ನಡೆದುಹೋಯಿತು.

ಎಲ್ಲರೂ ಹಾಕಿಸಿಕೊಂಡರೆಂದಲ್ಲ. 1596ರಲ್ಲಿ ಹೋದ ಇಂಗ್ಲೆಂಡಿನ ಫೈನ್ಸ್ ಮೊರಿಸನ್ ಜತೆಗಾರರು ತೋಳು ಒಡ್ಡಿದರೂ ತಾನು ಒಡ್ಡಲಿಲ್ಲ. ಹಾಕಿಸಿಕೊಂಡವರಿಗೆ ಬೇರೆ ಬೇರೆ ಕಾರಣಗಳಿದ್ದವು. ಯಾತ್ರೆ ಮುಗಿಸಿದೆನೆಂಬ ಪುರಾವೆ ಒಂದು. ದಾರಿಯಲ್ಲಿ ಸತ್ತರೆ ಹೆಣ ಯಾರ ಮತದ್ದೆಂದು ತಿಳಿದು ಸರಿಯಾಗಿ ಮಣ್ಣು ಮಾಡಲಿ ಎಂಬುದು ಇನ್ನೊಂದು. ಸಮುದ್ರದ ನಾವಿಕರ ಲೆಕ್ಕವೂ ಹೀಗೆಯೇ ಇತ್ತು. ದಡಕ್ಕೆ ಬಿದ್ದ ಹೆಣದ ಮುಖ ಗುರುತು ಸಿಗದಿದ್ದರೂ ತೋಳಿನ ಅಕ್ಷರ ಉಳಿದಿರುತ್ತದೆ. 1796ರಲ್ಲಿ ಅಮೆರಿಕ ದೇಶ ತನ್ನ ನಾವಿಕರಿಗೆ ರಕ್ಷಣಾಪತ್ರ ಕೊಡುವ ಕಾನೂನು ಮಾಡಿತು. ಬ್ರಿಟಿಷ್ ನೌಕಾಪಡೆ ಅವರನ್ನು ತಮ್ಮವರೆಂದು ಬಲಾತ್ಕಾರದಿಂದ ಹಿಡಿದೊಯ್ಯುತ್ತಿದ್ದುದೇ ಅದಕ್ಕೆ ಕಾರಣ. ಆ ಪತ್ರಗಳಲ್ಲಿ ಎತ್ತರ, ಮೈಬಣ್ಣ, ಗಾಯದ ಕಲೆಗಳ ಜತೆಗೆ ಹಚ್ಚೆಗಳನ್ನೂ ಬರೆಯುತ್ತಿದ್ದರು. ಕಾಗದ ಕಳೆದರೂ ತೋಳು ಸಾಕ್ಷಿ ಹೇಳುತ್ತಿತ್ತು.

ಕಿತ್ತ ಮಾಂಸ

ಈ ಸಾಕ್ಷಿ ಅಪಾಯವನ್ನೂ ತರಬಲ್ಲದೆಂದು ತೋರಿಸಿದವನು ಸ್ಕಾಟ್ಲೆಂಡಿನ ವಿಲಿಯಂ ಲಿತ್‌ಗೋ. 19 ವರ್ಷ ಯುರೋಪು, ಏಷ್ಯಾ, ಆಫ್ರಿಕಗಳನ್ನು ಬಹುಪಾಲು ಕಾಲುನಡಿಗೆಯಲ್ಲಿ ಸುತ್ತಿದವನೀತ. 1612ರಲ್ಲಿ ಜೆರುಸಲೇಮಿಗೆ ಹೋದಾಗ ಬೆತ್ಲೆಹೇಮಿನ ಎಲಿಯಾಸ್ ಎಂಬ ಕ್ರೈಸ್ತನಿಂದ ತೋಳಿನ ಮೇಲೆ ಏಸುವಿನ ಹೆಸರು ಮತ್ತು ಶಿಲುಬೆಯ ಗುರುತನ್ನು ಹಾಕಿಸಿಕೊಂಡ. ಅಷ್ಟಕ್ಕೆ ತೃಪ್ತನಾಗದೆ ಅದರ ಕೆಳಗೆ ತನ್ನ ರಾಜ ಜೇಮ್ಸನ ಕಿರೀಟವನ್ನೂ ಬರೆಸಿದ. ಕೂಲಿ ಎರಡು ಪಿಯಾಸ್ತರ್.

1620ರಲ್ಲಿ ಸ್ಪೇನಿನ ಮಲಾಗದಲ್ಲಿ ಅವನನ್ನು ಬೇಹುಗಾರನೆಂದು ಹಿಡಿದರು. ಬೇಹುಗಾರನಲ್ಲವೆಂದು ಗೊತ್ತಾದ ಮೇಲೂ ಬಿಡಲಿಲ್ಲ; ಕ್ಯಾಥೊಲಿಕ್ ಮತವನ್ನು ಒಪ್ಪದವನೆಂದು ಮತವಿಚಾರಣೆಗೆ ಒಪ್ಪಿಸಿದರು. ಕೈಕಾಲುಗಳನ್ನು ಹಗ್ಗದಿಂದ ಬಿಗಿದು ಹಿಂಸಿಸುವಾಗ ತೋಳಿನ ಹಚ್ಚೆ ಕಣ್ಣಿಗೆ ಬಿತ್ತು. ಪ್ರೊಟೆಸ್ಟಂಟ್ ರಾಜನ ಹೆಸರು, ಕಿರೀಟಗಳನ್ನು ಕಂಡು ಅಧಿಕಾರಿ ಆ ಭಾಗದ ಮಾಂಸವನ್ನೇ ಹರಿದು ತೆಗೆಯುವಂತೆ ಹೇಳಿದನೆಂದು ಲಿತ್‌ಗೋ 1632ರ ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಮಲಾಗದಲ್ಲಿದ್ದ ಇಂಗ್ಲಿಷರಿಗೆ ಹೇಗೋ ಸುದ್ದಿ ಮುಟ್ಟಿ ಬಿಡುಗಡೆಯಾಯಿತು. ಇಂಗ್ಲೆಂಡಿಗೆ ಅವನನ್ನು ಹಾಸಿಗೆಯಲ್ಲಿ ಮಲಗಿಸಿಯೇ ಒಯ್ದು ರಾಜನಿಗೆ ತೋರಿಸಿದರು.

ಒಂದೇ ತೋಳು, ಒಂದೇ ಗುರುತು. ಜೆರುಸಲೇಮಿನಲ್ಲಿ ಅದು ಭಕ್ತಿ, ಲಂಡನಿನಲ್ಲಿ ರಾಜನಿಷ್ಠೆ, ಮಲಾಗದಲ್ಲಿ ಅಪರಾಧ. ಗುರುತಿನ ಅರ್ಥ ಅರ್ಧ ಪಾಲು ಹೊತ್ತವನ ಕೈಯಲ್ಲಿದ್ದರೆ ಇನ್ನರ್ಧ ಓದುವವನ ಕೈಯಲ್ಲಿದೆ. ಭಾಷೆಯನ್ನು ಗುರುತಾಗಿ ಹೊತ್ತು ಗಡಿಯಲ್ಲಿ ಬದುಕುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರೂಪಾಯಿಯ ಮೇಲಿನ ರಾಜರು

ಹಚ್ಚೆ ಬಡವರದು, ಒರಟರದು ಎಂಬ ಭಾವನೆ ನಮ್ಮಲ್ಲಿದೆ. 1862ರಲ್ಲಿ ಬ್ರಿಟನ್ನಿನ ಯುವರಾಜ ಎಡ್ವರ್ಡ್ ಜೆರುಸಲೇಮಿಗೆ ಹೋದಾಗ ತೋಳಿನಲ್ಲಿ ಶಿಲುಬೆಯ ಹಚ್ಚೆ ಹಾಕಿಸಿಕೊಂಡ. 1881ರಲ್ಲಿ ಅವನ ಮಕ್ಕಳಿಬ್ಬರು 'ಬಕಾಂಟಿ' ಎಂಬ ನೌಕೆಯಲ್ಲಿ ಜಪಾನಿಗೆ ಹೋದರು. ಕಿರಿಯವನಾದ ಜಾರ್ಜನಿಗೆ ಆಗ 16 ವರ್ಷ. ಅಲ್ಲಿ ತೋಳಿನ ಮೇಲೆ ಡ್ರ್ಯಾಗನ್ ಎಂಬ ಸರ್ಪದಂಥ ಮೃಗವನ್ನು ಬರೆಸಿಕೊಂಡ. ಮರುವರ್ಷ ಜೆರುಸಲೇಮಿಗೂ ಹೋಗಿ ತಂದೆಗೆ ಹಚ್ಚೆ ಹಾಕಿದ ಮುದುಕನಿಂದಲೇ ತಾನೂ ಹಾಕಿಸಿಕೊಂಡ. ಜಪಾನ್ ಸರಕಾರ 1872ರಲ್ಲೇ ತನ್ನ ಪ್ರಜೆಗಳಿಗೆ ಹಚ್ಚೆಯನ್ನು ನಿಷೇಧಿಸಿತ್ತು. ಪರದೇಶದವರು ಅಸಭ್ಯರೆಂದಾರು ಎಂಬ ಸಂಕೋಚ ಅದಕ್ಕೊಂದು ಕಾರಣ. ಆ ಪರದೇಶದವರ ರಾಜಕುಮಾರರೇ ಹಡಗಿಳಿದು ಹಚ್ಚೆಯವನನ್ನು ಹುಡುಕಿಸಿದರು. 1891ರಲ್ಲಿ ರಶ್ಯದ ಯುವರಾಜ ನಿಕೊಲಸ್ ಕೂಡ, ಭಾರತವನ್ನು ನೋಡಿಕೊಂಡು ಜಪಾನಿಗೆ ಹೋದವನು, ನಾಗಸಾಕಿಯಲ್ಲಿ ಡ್ರ್ಯಾಗನ್ ಬರೆಸಿಕೊಂಡ. ಜಪಾನಿನ ನಿಷೇಧ ತೆರವಾದದ್ದು 1948ರಲ್ಲಿ.

ಮೇಲೆ ಹೇಳಿದ ಎಡ್ವರ್ಡನೂ ಜಾರ್ಜನೂ ಅನಂತರ ನಮ್ಮ ದೇಶದ ಚಕ್ರವರ್ತಿಗಳೆನಿಸಿದರು. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಬೆಳ್ಳಿ ರೂಪಾಯಿಗಳನ್ನು ಬ್ಯಾಂಕಿಗೆ ತಂದು "ಇದಕ್ಕೆ ಈಗ ಎಷ್ಟು ಬರಬಹುದು?" ಎಂದು ಕೇಳುವವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಅದರಲ್ಲಿ ಮುಖ ತೋರುತ್ತಿರುವ ಐದನೆಯ ಜಾರ್ಜನ ನಿಲುವಂಗಿಯೊಳಗೆ ಜಪಾನಿನ ಡ್ರ್ಯಾಗನ್ ಇದೆ ಎಂದರೆ ಯಾರೂ ನಂಬಲಾರರು. ಆ ನಾಣ್ಯಕ್ಕೆ ಇನ್ನೊಂದು ಕತೆಯೂ ಇದೆ. 1911ರ ರೂಪಾಯಿಯಲ್ಲಿ ಅರಸನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯ ಚಿತ್ರವಿತ್ತು. ಸೊಂಡಿಲು ಸಣ್ಣದಾಗಿ ಬಂದುದರಿಂದ ಜನರಿಗೆ ಅದು ಹಂದಿಯಾಗಿ ಕಂಡಿತು. ಗದ್ದಲವಾಗಿ 1912ರಲ್ಲಿ ಚಿತ್ರವನ್ನು ತಿದ್ದಬೇಕಾಯಿತು. ಬರೆದವನ ಉದ್ದೇಶ ಆನೆ, ಓದಿದವನಿಗೆ ಹಂದಿ. ಮಲಾಗದ ಪಾಠವೇ ಇಲ್ಲೂ ಇದೆ, ಸದ್ಯ ಯಾರ ಮಾಂಸವೂ ಹೋಗಲಿಲ್ಲ.

ಬೇಡದ ಹಚ್ಚೆ

ಕೇಳದೆ ಬಿದ್ದ ಹಚ್ಚೆಗಳ ವಿಷಯವನ್ನೂ ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಕಂಪೆನಿ ಸರಕಾರ 1797ರಲ್ಲಿ ಬಂಗಾಳದಲ್ಲಿ ಜೀವಾವಧಿ ಶಿಕ್ಷೆಯ ಕೈದಿಗಳ ಹಣೆಯ ಮೇಲೆ ಹೆಸರು, ಅಪರಾಧಗಳನ್ನು ಚುಚ್ಚುವ ನಿಯಮ ತಂದಿತು. 'ಗೋದ್ನಾ' ಎಂದು ಅದಕ್ಕೆ ಹೆಸರು. ಆ ಹಣೆಗಳನ್ನು ಹೊತ್ತ ಕೈದಿಗಳು ಪಿನಾಂಗಿಗೆ, ಮಾರಿಷಸಿಗೆ ಸಾಗಿದರು. 1849ರಲ್ಲಿ ಈ ಕ್ರಮ ರದ್ದಾಯಿತು. ಆದರೆ ಬಿದ್ದ ಅಕ್ಷರ ಸಾಯುವವರೆಗೂ ಹೋಗಲಿಲ್ಲ. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಆಶ್ವಿಟ್ಸ್ ಶಿಬಿರದ ಕೈದಿಗಳ ತೋಳಿಗೆ ಅಂಕೆ ಚುಚ್ಚಿದ್ದು ಲೋಕಕ್ಕೇ ಗೊತ್ತು. ಅವರೂ ದೂರ ಪ್ರಯಾಣ ಮಾಡಿದವರೇ, ಅವರ ಮೈಮೇಲೂ ಗುರುತಿತ್ತು. ಒಂದನ್ನು ಯಾತ್ರೆಯೆಂದೂ ಇನ್ನೊಂದನ್ನು ಹಿಂಸೆಯೆಂದೂ ಬೇರೆ ಮಾಡುವುದು ಸೂಜಿಯಲ್ಲ, ಮಸಿಯಲ್ಲ. ತೋಳು ಒಡ್ಡಿದವನ ಒಪ್ಪಿಗೆ.

ಬಾಗಿಲಿಗೆ ಬಂದ ಯಾತ್ರೆ

ನಮ್ಮ ಕಡೆ ಈ ಲೆಕ್ಕ ತಿರುಗಿದೆ. ಇಬಾನನೂ ಜೆರುಸಲೇಮಿನ ಯಾತ್ರಿಕನೂ ಹಚ್ಚೆಯಿದ್ದಲ್ಲಿಗೆ ಹೋದರು. ನಮ್ಮಲ್ಲಿ ಹೆಂಗಸರು ಅಷ್ಟು ದೂರ ಹೋಗುವಂತಿರಲಿಲ್ಲ. ಹಚ್ಚೆಯೇ ನಡೆದು ಬಂತು. ಊರೂರು ತಿರುಗುವ ಕೊರವರ ಹೆಂಗಸರು, ಗೊಂಬೆಯಾಟದ ಕಿಳ್ಳೇಕ್ಯಾತರ ಹೆಂಗಸರು ಕೊಯ್ಲು ಮುಗಿದ ಮೇಲೆ ಅಂಗಳಕ್ಕೆ ಬಂದು ಕೂರುತ್ತಿದ್ದರು. ದೀಪದ ಕಪ್ಪಿಗೆ ಸೊಪ್ಪಿನ ರಸ ಬೆರೆಸಿ, ಎರಡು ಮೂರು ಸೂಜಿ ಒಟ್ಟಿಗೆ ಕಟ್ಟಿ, ನೋವು ಮರೆಯಲೆಂದು ಹಾಡು ಹೇಳುತ್ತ ಚುಚ್ಚಿ, ಮೇಲೆ ಅರಸಿನ ಹಚ್ಚುತ್ತಿದ್ದರು. ಮಾಂಡ್ರೆಲ್ ಕಂಡ ಸೂಜಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ಕೂಲಿ ಅಕ್ಕಿ, ಎಲೆ, ಅಡಿಕೆ, ಹಳೆಯ ಸೀರೆ. ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಈ ಹೆಂಗಸರ ಪ್ರಸ್ತಾಪ ಬರುತ್ತದೆ. ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು.

ಹಚ್ಚೆಯನ್ನು ಸತ್ತ ಮೇಲೂ ಜತೆಗೆ ಬರುವ ಒಡವೆ ಎಂದು ಹಿಂದಿನವರು ಹೇಳುತ್ತಿದ್ದರು. ಚಿನ್ನವನ್ನು ಕಳಚಿಕೊಳ್ಳುತ್ತಾರೆ, ಅಡವಿಡುತ್ತಾರೆ. ಹಚ್ಚೆಯನ್ನು ಯಾರೂ ಅಡವಿಡಲಾರರು. ಚಿನ್ನದ ಸಾಲದ ಮೇಜಿನಲ್ಲಿ ಕೆಲವು ವರ್ಷ ಕುಳಿತ ನನಗೆ ಆ ಮಾತಿನ ಬೆಲೆ ಗೊತ್ತು. ಉಡುಪಿಯಲ್ಲಿ ಪ್ರಥಮ ಏಕಾದಶಿಯಂದು ಮಠದ ಯತಿಗಳು ಹಾಕುವ ತಪ್ತಮುದ್ರೆಗೂ ಇದಕ್ಕೂ ಭೇದವಿದೆ. ಕಾಯಿಸಿದ ಶಂಖಚಕ್ರಗಳ ಆ ಗುರುತು ಕೆಲವು ದಿನಗಳಲ್ಲಿ ಮಾಸುತ್ತದೆ, ಮುಂದಿನ ವರ್ಷ ಮತ್ತೆ ಹೋಗಬೇಕು. ಹಚ್ಚೆಗೆ ಎರಡನೆಯ ಸಲವಿಲ್ಲ.

ಬ್ಯಾಂಕಿನಲ್ಲಿ ಸಹಿ ಬಾರದವರ ಖಾತೆ ತೆರೆಯುವಾಗ ಭಾವಚಿತ್ರ, ಹೆಬ್ಬೆಟ್ಟಿನ ಗುರುತುಗಳ ಜತೆಗೆ ಮೈಮೇಲಿನ ಗುರುತನ್ನೂ ಬರೆದುಕೊಳ್ಳುವುದಿತ್ತು. ಹೆಚ್ಚಿನವರಿಗೆ ಒಂದು ಮಚ್ಚೆ, ಇಲ್ಲವೆ ಬಾಲ್ಯದ ಗಾಯದ ಕಲೆ. ನಾನು ಗಡಿಯ ಶಾಖೆಯೊಂದರಲ್ಲಿ ಇದ್ದಾಗ ವಿಧವಾ ಪಿಂಚಣಿಯ ಖಾತೆಗೆಂದು ಮುದುಕಿಯೊಬ್ಬರು ಬಂದರು. ಎಡ ಮುಂಗೈಯಲ್ಲಿ ಮಾಸಿದ ಹಚ್ಚೆ.

"ಅಜ್ಜೀ, ಈ ಹಚ್ಚೆಯನ್ನೇ ಗುರುತು ಎಂದು ಬರೆಯುತ್ತೇನೆ, ಆಗಬಹುದಾ?" ಎಂದು ಕೇಳಿದೆ.

"ಬರಿ ಮಗಾ. ಆದರೆ ಅದು ಬರೇ ಗುರುತಲ್ಲ, ತುಳಸಿಕಟ್ಟೆ. ನನ್ನ ತವರಿನ ಅಂಗಳದ್ದು. ಅಲ್ಲಿಂದ ತಂದದ್ದರಲ್ಲಿ ಈಗ ಉಳಿದದ್ದು ಇದೊಂದೇ" ಎಂದರು.

ಮದುವೆಗೆ ಮೊದಲು ಘಟ್ಟದ ಬುಡದ ಊರಲ್ಲಿ ಹಾಕಿಸಿದ್ದಂತೆ. ಆಗ ಅವರ ತವರೂ ಗಂಡನ ಮನೆಯೂ ಒಂದೇ ಜಿಲ್ಲೆ. 1956ರ ನವೆಂಬರ್ 1ರಂದು ಎರಡರ ನಡುವೆ ರಾಜ್ಯದ ಗಡಿ ಬಂತು. ತವರಿನ ತುಳಸಿಕಟ್ಟೆ ಆ ರಾಜ್ಯದಲ್ಲಿ ಉಳಿಯಿತು, ಅದರ ಚಿತ್ರ ಈ ರಾಜ್ಯದಲ್ಲಿ. ಇಬಾನ್ ಹುಡುಗ ಹೋದ ಊರನ್ನು ಮೈಮೇಲೆ ಹೊತ್ತು ಮನೆಗೆ ಬಂದರೆ, ನಮ್ಮ ಹೆಂಗಸರು ಬಿಟ್ಟುಬಂದ ಮನೆಯನ್ನು ಹೊತ್ತು ಹೋದರು. ಅವರ ಬೆಜಲಾಯ್ ಒಂದೇ ಸಲ, ಒಂದೇ ದಿಕ್ಕಿಗೆ.

ಓದುವವರು ಬೇಕು

ಅದೇ 1956ರ ಹೊತ್ತಿಗೆ ಜೆರುಸಲೇಮಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಜೆರಿಕೋದ ಉತ್ಖನನದಲ್ಲಿ ನಕ್ಷೆ ಬರೆಯಲು ಬಂದಿದ್ದ ಜಾನ್ ಕಾರ್ಸ್‌ವೆಲ್ ಎಂಬ ಇಂಗ್ಲಿಷ್ ಕಲಾವಿದ ಯಾಕೂಬ್ ರಜ್ಜೂಕನ ಅಂಗಡಿಯಲ್ಲಿ ಹಳೆಯ ಮರದ ಅಚ್ಚುಗಳ ರಾಶಿಯನ್ನು ಕಂಡ. ಒಂದೊಂದಕ್ಕೂ ಮಸಿ ಬಳಿದು ಕಾಗದದ ಮೇಲೆ ಒತ್ತಿ, ಯಾವುದು ಯಾರಿಗೆ, ಯಾವ ಹರಕೆಗೆ ಎಂದು ಕೇಳಿ ಬರೆದುಕೊಂಡ. ಹೀಗೆ ಕೂಡಿಸಿದ 184 ಚಿತ್ರಗಳು 1958ರಲ್ಲಿ ಪುಸ್ತಕವಾಗಿ ಹೊರಬಂದವು. ಆ ಪಟ್ಟಣವನ್ನು 1917ರವರೆಗೆ ತುರ್ಕಿಯವರು, ಆಮೇಲೆ ಬ್ರಿಟಿಷರು, 1948ರಿಂದ ಜೋರ್ಡಾನ್, 1967ರಿಂದ ಇಸ್ರೇಲ್ ಆಳಿದವು. 1967ರ ಯುದ್ಧವಾದ ಮೇಲೆ ಈಜಿಪ್ಟಿನ ಯಾತ್ರಿಕರು ಬರುವುದು ದುಸ್ತರವಾಯಿತು. ಆದರೂ ಅಚ್ಚುಗಳು ಉಳಿದವು, ಅರ್ಥ ಪುಸ್ತಕದಲ್ಲಿ ಉಳಿಯಿತು. ಇಂದು ಅದೇ ಮನೆತನದವರು ವಿದ್ಯುತ್ ಯಂತ್ರದಿಂದ ಹಚ್ಚೆ ಹಾಕುತ್ತಾರೆ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ, ಎಡಿಸನ್ನನ ವಿದ್ಯುತ್ ಲೇಖನಿಯ ತತ್ತ್ವದ ಮೇಲೆ ಹಕ್ಕು ಪಡೆದ ಯಂತ್ರದ ಸಂತತಿ ಅದು. ಬಂದ ಯಾತ್ರಿಕ ಕೇಳಿದರೆ ಹಳೆಯ ಅಚ್ಚನ್ನೇ ತೋಳಿಗೆ ಒತ್ತುತ್ತಾರೆ.

ನಮ್ಮಲ್ಲಿ ಮರದ ಅಚ್ಚಿರಲಿಲ್ಲ. ಹಚ್ಚೆ ಹಾಕುವವಳ ನೆನಪೇ ಅಚ್ಚು. ಅವಳೀಗ ಊರಿಗೆ ಬರುವುದಿಲ್ಲ. ಅವಳು ಹಾಕಿದ ಹಚ್ಚೆ ಇರುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಒಂದು ಕೈ ಮಣ್ಣಾದರೆ ಅಥವಾ ಬೂದಿಯಾದರೆ ಅದರ ಮೇಲಿದ್ದ ಚಿತ್ರವೂ ಚಿತ್ರದ ಹೆಸರೂ ಹೋದಂತೆಯೇ. ನಾವು 'ಹಚ್ಚೆ' ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಅವರಲ್ಲಿ ತುಳಸಿಕಟ್ಟೆ, ತೊಟ್ಟಿಲು, ಚೇಳು, ತೇರು ಎಂದು ಬೇರೆ ಬೇರೆ ಹೆಸರುಗಳಿವೆ.

ತರುಣರು ಪ್ರವಾಸದಲ್ಲಿ ಹಚ್ಚೆ ಹಾಕಿಸಿಕೊಂಡು ಬಂದರೆ ಬೈಯುವ ಮೊದಲು ಏನು ಬರೆಸಿದಿ, ಎಲ್ಲಿ, ಯಾಕೆ ಎಂದು ಕೇಳುವುದು ಒಳ್ಳೆಯದು. ಉತ್ತರವಿದ್ದರೆ ಅದು ಹಚ್ಚೆ, ಉತ್ತರವಿಲ್ಲದಿದ್ದರೆ ಬರಿಯ ಮಸಿ. ಸೂಜಿ ಹೊಸದೇ, ಶುದ್ಧವೇ ಎಂಬುದನ್ನೂ ಕೇಳಬೇಕು; ಹಿಂದೆ ಜ್ವರವಷ್ಟೇ ತಿಳಿದಿತ್ತು, ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ದಾಟುವ ರೋಗಗಳು ಈಗ ನಮಗೆ ತಿಳಿದಿವೆ. ಅದೇ ತರುಣರಿಗೆ ಇನ್ನೊಂದು ಕೆಲಸವನ್ನೂ ಹೇಳಬಹುದು. ಮನೆಯಲ್ಲಿ, ನೆರೆಯಲ್ಲಿ ಹಚ್ಚೆಯಿರುವ ಅಜ್ಜಿಯಂದಿರಿದ್ದರೆ, ಅವರು ಕನ್ನಡ ಮಾತಾಡುವವರಿರಲಿ, ತುಳುವಿರಲಿ, ಮಲಯಾಳವಿರಲಿ, ಒಪ್ಪಿಗೆ ಕೇಳಿ ಚಿತ್ರವನ್ನು ಕಾಗದಕ್ಕೆ ಇಳಿಸಿಕೊಳ್ಳಲಿ. ಆ ಚಿತ್ರಕ್ಕೆ ಅವರು ಏನೆನ್ನುತ್ತಾರೆ, ಯಾವ ಪ್ರಾಯದಲ್ಲಿ ಹಾಕಿಸಿದ್ದು, ಯಾವ ಊರಿನಲ್ಲಿ, ಹಾಕಿದವಳಿಗೆ ಏನು ಕೊಟ್ಟರು, ಅವಳು ಹಾಡಿದ ಹಾಡು ನೆನಪಿದೆಯೇ ಎಂದು ಅವರ ಮಾತಿನಲ್ಲೇ ಬರೆದಿಡಲಿ. ಇದಕ್ಕೆ ಪದವಿಯೂ ಬೇಡ, ಅನುದಾನವೂ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ಅಜ್ಜಿಗೆ ಬಿಡುವಿರುವ ಒಂದು ಮಧ್ಯಾಹ್ನ ಸಾಕು.